ಹೆಸರಿನ ಬದಲಿಗೆ

ಮೂಡುಬಿದಿರೆಯ ಬಟ್ಟೆ ಅಂಗಡಿಯೊಂದರ ಮಾಳಿಗೆಯಲ್ಲಿ ಯಶೋಧಾ ಟೀಚರ್ ನಮ್ಮಂಥ ಮದುವೆಯಾದ ಹೆಂಗಸರಿಗೆ ಮಧ್ಯಾಹ್ನ ಇಂಗ್ಲಿಷ್ ಕಲಿಸುತ್ತಾರೆ. ಒಳ್ಳೆಯವರು. ಆದರೆ ವ್ಯಾಕರಣ ಸರಿಯಿದ್ದರೆ, ಮನೆಗೆ ಬೆಂಕಿ ಬಿದ್ದಿದೆ ಎಂದರೂ 'ವೆರಿ ಗುಡ್' ಎನ್ನುವವರ ಪೈಕಿ.

ಆ ವಾರ ಸರ್ವನಾಮದ ಪಾಠ. ಹೆಸರನ್ನು ಮತ್ತೆ ಮತ್ತೆ ಹೇಳುವ ಬದಲು ಹಿ, ಶಿ, ಇಟ್ ಎನ್ನಬೇಕು. ಕೆಲಸ ಮಾಡುವವನು ಹಿ, ಅವನನ್ನು ಎನ್ನುವಲ್ಲಿ ಹಿಮ್. ಮರ್ಯಾದೆಯ ಭೇದವಿಲ್ಲ, ಜಿಲ್ಲಾಧಿಕಾರಿಯೂ ಹಿ, ಕಳ್ಳನೂ ಹಿ. ನನಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಪುತ್ತಿಗೆಯ ಪದ್ಮಾಕ್ಷಿ ನಗಲಿಲ್ಲ. ಅವಳ ಮನೆಯಲ್ಲಿ ಹೆಂಡತಿ ಗಂಡನ ಹೆಸರು ಹೇಳಬಾರದು. ಬ್ಯಾಂಕಿನಲ್ಲಿ ಕೇಳಿದರೂ ಆಧಾರ್ ಕಾರ್ಡು ಮುಂದೆ ಹಿಡಿಯುವವಳು.

ವಾಕ್ಯ ಮಾಡಲು ಹೇಳಿದಾಗ ಅವಳು ಎದ್ದು ಇಂಗ್ಲಿಷಿನಲ್ಲಿ ಹೇಳಿದಳು: ಅವನು ಹೊರಗಿನಿಂದ ಬೀಗ ಹಾಕುತ್ತಾನೆ. ಅವನು ನನ್ನ ಫೋನ್ ಕಿತ್ತುಕೊಳ್ಳುತ್ತಾನೆ. ನನಗೆ ಅವನೆಂದರೆ ಭಯ.

"ವೆರಿ ಗುಡ್! ಹಿ, ಹಿಮ್, ಎರಡೂ ಸರಿ," ಎಂದರು ಟೀಚರ್.

ಮೆಟ್ಟಿಲಿಳಿಯುವಾಗ, ಅದೆಲ್ಲ ನಿಜವಾ ಎಂದು ಪದ್ಮಾಕ್ಷಿಯನ್ನು ಕೇಳಿದೆ.

"ಇವರು ರಾತ್ರಿ ಡ್ಯೂಟಿಗೆ ಹೋಗುವಾಗ ಬೀಗ ಹಾಕ್ತಾರೆ ಜುಲೈಕಾ. ಶುಕ್ರವಾರ ಅಣ್ಣ ಬೆಳ್ತಂಗಡಿಯಿಂದ ಕರ್ಕೊಂಡು ಹೋಗ್ಲಿಕ್ಕೆ ಬರ್ತಾನೆ. ಅಷ್ಟರವರೆಗೆ ಇವರಿಗೆ ಗೊತ್ತಾಗ್ಬಾರ್ದು."

ಗುರುವಾರ ಅವಳ ಗಂಡ ಜಿತೇಶನೇ ಬಂದ. ಲಾಡ್ಜೊಂದರ ರಿಸೆಪ್ಶನ್ನಿನಲ್ಲಿರುವವನು. ಹೆಂಡತಿಯನ್ನೂ ಅಲ್ಲೇ ಕಣ್ಣೆದುರಿಗೆ ಕೂರಿಸುವ ಆಸೆಯಿಂದ ಕ್ಲಾಸಿಗೆ ಸೇರಿಸಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಲ್ವದ ಪೊಟ್ಟಣ, ಎಲ್ಲರಿಗೂ ನಮಸ್ಕಾರ. ಬಾಗಿಲಲ್ಲೇ ನಿಂತ.

"ಇವಳು ಏನು ಕಲ್ತಿದ್ದಾಳೆ ಟೀಚರ್? ಸ್ವಲ್ಪ ಕೇಳುವ."

ಪದ್ಮಾಕ್ಷಿ ತಲೆ ತಗ್ಗಿಸಿ ಪುಸ್ತಕ ಮುಚ್ಚಿದಳು. ಟೀಚರ್ ಅದನ್ನು ನಾಚಿಕೆ ಎಂದುಕೊಂಡರು. "ಮೊನ್ನೆ ಎಷ್ಟು ಚಂದ ಹೇಳಿದ್ರಿ! ಹೇಳಿ."

"ನಾನು ಹೇಳ್ತೇನೆ ಟೀಚರ್," ಎಂದು ಎದ್ದೆ.

"ಕೂತ್ಕೊಳ್ಳಿ ಜುಲೈಕಾ, ನಿಮ್ಮದು ಯಾವಾಗಲೂ ಅವಸರ." ಟೀಚರ್ ತಾವೇ ಆ ಮೂರು ವಾಕ್ಯಗಳನ್ನು ಹೆಮ್ಮೆಯಿಂದ, ಬಿಡಿಸಿ ಬಿಡಿಸಿ ಹೇಳಿಬಿಟ್ಟರು. ಅವರ ಬಾಯಿ ಮುಚ್ಚಿಸಬೇಕೆನಿಸಿತು ನನಗೆ.

ಜಿತೇಶ ನಗುತ್ತಲೇ ಇದ್ದ. ಹಲ್ವವನ್ನು ಬಾಗಿಲ ಪಕ್ಕದ ಮೇಜಿನ ಮೇಲಿಟ್ಟ.

"ಒಳ್ಳೆ ಇಂಗ್ಲಿಷ್. ಈ ಹಿ ಯಾರು ಟೀಚರ್?"

"ಅಯ್ಯೋ, ಯಾರೂ ಅಲ್ಲ. ಉದಾಹರಣೆ ಅಷ್ಟೆ."

"ಹೌದಾ? ನಾವು ಹೋಗುವ," ಎಂದು ಪದ್ಮಾಕ್ಷಿಯ ಕಡೆ ಕೈ ಚಾಚಿದ.

ಅವಳು ಈಗ ಇವನ ಜೊತೆ ಇಳಿದು ಹೋದರೆ, ನಾಳೆ ಅಣ್ಣ ಬರುವಾಗ ಯಾವ ಸ್ಥಿತಿಯಲ್ಲಿರುತ್ತಾಳೋ. ಅವಳ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಪದ್ಮಾಕ್ಷಿ ಎದ್ದಳು, ಆದರೆ ಬಾಗಿಲ ಕಡೆ ಹೋಗಲಿಲ್ಲ.

"ಉದಾಹರಣೆ ಅಲ್ಲ ಟೀಚರ್," ಎಂದಳು. "ಜಿತೇಶ್. ಅವನ ಹೆಸರು ಜಿತೇಶ್."

ಟೀಚರ್ ಮುಖ ಬಿಳಿಚಿಕೊಂಡಿತು. ಜಿತೇಶ ನಗುವುದನ್ನು ನಿಲ್ಲಿಸಿ, ನಮ್ಮೆಲ್ಲರ ಮುಖ ನೋಡಿ, ಕೈ ಹಿಂದಕ್ಕೆ ಚಾಚಿ ಒಳಗಿನಿಂದ ಬಾಗಿಲು ಹಾಕಿದ.