ಕಪ್ಪು ಪುಡ್ಡಿಂಗಿಗೆ ಕೈ ನೆನೆಸಿದ್ದು

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಕನ್ನಡ ಅಕ್ಷರವನ್ನು ಸಂಜೆ ತರಗತಿಯಲ್ಲಿ, ತಲೆ ನರೆತ ಮೇಲೆ ಕಲಿತವನು ನಾನು. ಅಡುಗೆಯ ವಿಷಯದಲ್ಲಂತೂ ಬಾಯಿ ತೆರೆಯುವ ಯೋಗ್ಯತೆಯೂ ಇಲ್ಲ.

ನಮ್ಮ ಕಡೆ ಹೆಣ್ಣು ನೋಡಲು ಬಂದವರು ಸಂಬಂಧ ಒಪ್ಪುವ ತನಕ ಆ ಮನೆಯಲ್ಲಿ ಕೈ ನೆನೆಸುವುದಿಲ್ಲ; ಎಂದರೆ ಏನೂ ತಿನ್ನುವುದಿಲ್ಲ. ತಿಂದರೆ ಒಪ್ಪಿದಂತೆ. ನನ್ನ ಮಗಳು ಕಾರ್ತಿಕಾಳಿಗೆ ಕರುಮತ್ತಂಪಟ್ಟಿಯ ರಾಮ್‌ಕುಮಾರ್ ಇಷ್ಟವಾಗಿದ್ದ. ಅವನಿಗೂ ಇವಳು. ಹುಡುಗನ ಅಪ್ಪ ಚೆನ್ನಕೇಶವನ್, ಪವರ್‌ಲೂಮ್ ಇಟ್ಟವರು, ಇನ್ನೂ ತಲೆಯಾಡಿಸಿರಲಿಲ್ಲ. ಶುಕ್ರವಾರ ಸಂಜೆ ಬಂದು ನೋಡುತ್ತೇವೆ ಎಂದಷ್ಟೇ ಹೇಳಿದ್ದರು.

"ಕೇಸರಿಬಾತು ಬೇಡ," ಎಂದಳು ನನ್ನ ಹೆಂಡತಿ ಕಲಾ. "ಹೆಣ್ಣು ನೋಡೋವಾಗ ಎಲ್ರೂ ಇಡೋದು ಅದೇ, ಕಂಡ್ರೆ ಅವರಿಗೆ ಪದ್ಧತಿ ಜ್ಞಾಪಕ ಬರುತ್ತೆ. ಹೆಸರೇ ತಿಳೀದ ತಿಂಡಿ ಇಟ್ರೆ, ಏನಿದು ಅಂತ ಬಾಯಿಗೆ ಹಾಕ್ಬಿಡ್ತಾರೆ. ಊಟಕ್ಕೆ ಆಮೇಲೆ ತಾವಾಗೇ ಕೂತ್ಕೋತಾರೆ."

ಫೋನಿನಲ್ಲಿ ಹುಡುಕಿ ಅವಳು ಹಣ್ಣಿನ ಪುಡ್ಡಿಂಗ್ ಆರಿಸಿದಳು. ಬಹಳ ಸುಲಭವಂತೆ. ಬ್ರೆಡ್ಡು ಹರಿದು, ಬಾಳೆಹಣ್ಣು, ಅನಾನಸು ಹೆಚ್ಚಿ ಹಾಕಿ, ಹಾಲು, ಬೆಣ್ಣೆ, ಸಕ್ಕರೆ ಸೇರಿಸಿ ಓವನ್ನಿನಲ್ಲಿ ಮುಕ್ಕಾಲು ಗಂಟೆ ಇಟ್ಟರೆ ಆಯಿತು. ನಮ್ಮ ಮನೆಯಲ್ಲಿ ಓವನ್ ಇಲ್ಲ.

"ನಿಮ್ಮ ಫೌಂಡ್ರೀಲಿ ಇದೆಯಲ್ಲ?"

ಇದೆ. ಕುರಿಚಿಯ ಒಂದು ಫೌಂಡ್ರಿಯಲ್ಲಿ, ಅಂದರೆ ಕಬ್ಬಿಣದ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ನಾನು ಕೋರ್ ವಿಭಾಗದ ಸೂಪರ್‌ವೈಸರ್. ಪಂಪಿನ ಒಳಗೆ ಟೊಳ್ಳು ಬರಲೆಂದು ಮರಳಿನ ಗಟ್ಟಿ ಮಾಡಿ ಓವನ್ನಿನಲ್ಲಿ ಸುಡುತ್ತೇವೆ, ಅದೇ ಕೋರ್. ಸುಟ್ಟದ್ದನ್ನು ಬೆರಳಿನಿಂದ ತಟ್ಟಬೇಕು. ಟಣ್ ಎಂದರೆ ಬೆಂದಿದೆ. ಆಮೇಲೆ ಅದಕ್ಕೆ ಗ್ರಾಫೈಟ್ ಬಳಿಯಬೇಕು, ಪೆನ್ಸಿಲ್ ಕಡ್ಡಿಯಲ್ಲಿರುವ ಅದೇ ಕಪ್ಪು.

ಶುಕ್ರವಾರ ಮಧ್ಯಾಹ್ನ ಮಾಲೀಕರ ಒಪ್ಪಿಗೆ ಪಡೆದು, ಓವನ್ನನ್ನು ಮೂರು ಸಲ ಒರೆಸಿ, ಪುಡ್ಡಿಂಗಿನ ತಟ್ಟೆ ಒಳಗಿಟ್ಟೆ. ಬಾಗಿಲಿಗೆ ನನ್ನ ಹೆಸರಿನ ಚೀಟಿ ಅಂಟಿಸಿದೆ: 'ಲಿಂಗಪ್ಪನ್, ಅರ್ಜೆಂಟ್.' ಒಳಗಿರುವುದು ಏನೆಂದು ಬರೆಯಲಿಲ್ಲ. ಫೌಂಡ್ರಿಯಲ್ಲಿ ಪುಡ್ಡಿಂಗ್ ಎಂದು ಬರೆಯಲು ನಾಚಿಕೆಯಾಯಿತು. ಅಷ್ಟರಲ್ಲಿ ಆಫೀಸಿನಿಂದ ಕರೆ ಬಂತು.

ಮರಳಿ ಬರುವಷ್ಟರಲ್ಲಿ ಐದು ಗಂಟೆ. ನನ್ನ ಕೈಕೆಳಗಿನ ತಿರುಮೂರ್ತಿ ಹೆಮ್ಮೆಯಿಂದ ನಿಂತಿದ್ದ.

"ಅಣ್ಣಾ, ನಿಮ್ಮ ಕೋರ್ ತಟ್ಟಿ ನೋಡ್ದೆ, ಮೆತ್ತಗೆ ಇತ್ತು. ಇನ್ನೂ ಒಂದು ಗಂಟೆ ಬಿಟ್ಟೆ." ತಟ್ಟಿ ತೋರಿಸಿದ. ಟಣ್. "ಅರ್ಜೆಂಟ್ ಅಂದ್ರಲ್ಲ, ಕಪ್ಪೂ ನಾನೇ ಬಳಿದ್ಬಿಟ್ಟೆ."

ಅಷ್ಟು ನಯವಾಗಿ ಬಳಿದ ಕೋರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮನೆಯಲ್ಲಿ ಕಲಾಳಿಗೆ ತೋರಿಸಿ ಎಸೆದುಬಿಡೋಣವೆಂದು ಸ್ಕೂಟರಿನಲ್ಲಿಟ್ಟು ಹೊರಟೆ. ಬಾಗಿಲಲ್ಲಿ ಆಗಲೇ ಅವರ ಚಪ್ಪಲಿಗಳಿದ್ದವು. ಕಲಾ ತಟ್ಟೆಯನ್ನು ಕಿತ್ತುಕೊಂಡಳು.

"ಚಾಕಲೇಟು ಬೇರೆ ಹಾಕಿಸಿದ್ರಾ!"

"ಕಲಾ, ಒಂದು ನಿಮಿಷ..."

ಅವಳು ಆಗಲೇ ನಡುಮನೆಯಲ್ಲಿದ್ದಳು. ಪುಡ್ಡಿಂಗನ್ನು ಕತ್ತರಿಸಲು ತೆಂಗಿನಕಾಯಿ ಒಡೆಯುವ ಕತ್ತಿಯೇ ಬೇಕಾಯಿತು.

"ಇದೇನ್ ಕಂದಾ, ಇಷ್ಟು ಕರ್ರಗೆ?" ಎಂದು ಹುಡುಗನ ತಾಯಿ ಪಳನಿಯಮ್ಮಾಳ್ ಕಾರ್ತಿಕಾಳನ್ನು ಕೇಳಿದರು.

"ಪುಡ್ಡಿಂಗ್, ಅತ್ತೆ."

"ಮೊದಲು ಮಾತಾಗ್ಲಿ. ನಾವು ಕೈ ನೆನೆಸೋದಿಲ್ಲ," ಎಂದರು ಚೆನ್ನಕೇಶವನ್.

"ಸ್ಪೂನ್ ಇದೆ ಮಾಮ. ಕೈ ನೆನೆಯೋದಿಲ್ಲ," ಎಂದಳು ಕಾರ್ತಿಕಾ.

ಅವರಿಗೆ ನಗು ಬಂತು. ಚೂರೊಂದನ್ನು ಸ್ಪೂನಿನಲ್ಲಿ ಎತ್ತಿ ತಿರುಗಿಸಿ ನೋಡತೊಡಗಿದರು. ನಾನು ಸುಮ್ಮನಿದ್ದರೆ ಮಗಳ ಕೆಲಸವಾಗುತ್ತದೆ. ಆದರೆ ಅದು ಗ್ರಾಫೈಟ್. ನನ್ನ ಕೈಯಲ್ಲಾಗಲಿಲ್ಲ.

"ತಿನ್ನಬೇಡಿ!" ಎಂದು ಕಿರುಚಿದೆ.

ಹೆಣ್ಣಿನ ಅಪ್ಪ ಹೀಗೆ ಹೇಳುವುದನ್ನು ಯಾರೂ ಕೇಳಿರಲಿಲ್ಲ. ಚೆನ್ನಕೇಶವನ್ ಮುಖ ಕೆಂಪಾಯಿತು.

"ಏನ್ರೀ, ಬೇಡ ಅನ್ನೋಕೆ ನೀವ್ಯಾರು? ಬೇಡ ಅನ್ನೋದಾದ್ರೆ ನಾವು ಅನ್ನಬೇಕು! ನಿಮ್ಮನೇಲಿ ತಿನ್ನೋ ಯೋಗ್ಯತೆ ನಮಗಿಲ್ವಾ?"

ಹಾಗೆಂದವರೇ ಸ್ಪೂನನ್ನು ಬಾಯಿಗಿಟ್ಟರು. ಕಟಕ್ ಎಂದಿತು.

ನಾನು ಕೈಮುಗಿದು ಎಲ್ಲವನ್ನೂ ಒಪ್ಪಿಕೊಂಡೆ: ಓವನ್, ಚೀಟಿ, ತಿರುಮೂರ್ತಿ. ಚೆನ್ನಕೇಶವನ್ ಏನೋ ಹೇಳಲು ಬಾಯಿ ತೆರೆದರು. ಹಲ್ಲೆಲ್ಲ ಪೆನ್ಸಿಲ್. ಪಳನಿಯಮ್ಮಾಳ್ ಸೆರಗು ಬಾಯಿಗೊತ್ತಿಕೊಂಡು ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ಅಯ್ಯೋ ಸಾಮಿ, ಪದ್ಧತಿ ಪದ್ಧತಿ ಅಂತಿದ್ದವರೇ ತಿಂದ್ರು! ಇನ್ನೇನು, ಹೂ ತನ್ನಿ, ಹುಡುಗಿಗೆ ಮುಡಿಸ್ತೀನಿ."

ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಮದುವೆಯಾಯಿತು. ಆದರೂ ನನಗೊಂದು ಅಳುಕು ಉಳಿದಿದೆ. ಹೂವಿನ ಗದ್ದಲದಲ್ಲಿ ಚೆನ್ನಕೇಶವನ್ ಒಂದು ಸಲ ಹಿತ್ತಲಿಗೆ ಹೋಗಿ ಬಂದರು. ಆ ಚೂರನ್ನು ನುಂಗಿದರೋ ಉಗಿದರೋ, ಉಗಿದಿದ್ದರೆ ಅದು ಕೈ ನೆನೆಸಿದ ಲೆಕ್ಕವೋ ಅಲ್ಲವೋ, ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಇದುವರೆಗೆ ಬಂದಿಲ್ಲ.