ಹಲ್ಲಿನ ಲೋಟದ ಮರಿಗಳು

ನನ್ನ ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾಳೆ. ಊರಿನವರ ಕಣ್ಣೆಲ್ಲ ಅವಳ ಕೈಯಲ್ಲಿದೆ. ನನ್ನ ಕಣ್ಣನ್ನು ಮಾತ್ರ ನಾನು ಕೊಟ್ಟಿರಲಿಲ್ಲ.

ಹೋದ ವರ್ಷ ಅವಳು ನನ್ನನ್ನು ಅಂಗಡಿಗೆ ಎಳೆದುಕೊಂಡು ಹೋಗಿ ಗೋಡೆಯ ಮೇಲಿನ ಅಕ್ಷರದ ಹಲಗೆ ಓದಿಸಿದಳು. ನಾನು ಓದಿರುವುದು ಎರಡನೇ ಕ್ಲಾಸು. ಆದರೆ ಅಲ್ಲಿನ ಬೆಂಚಿನ ಮೇಲೆ ಒಂದು ಗಂಟೆ ಕೂತಿದ್ದೆ. ನನಗಿಂತ ಮುಂಚೆ ಹದಿನಾಲ್ಕು ಜನ ಗಟ್ಟಿಯಾಗಿ ಓದಿ ಹೋಗಿದ್ದರು. ನನ್ನ ಸರದಿ ಬಂದಾಗ ಕೊನೆಯ ಸಾಲಿನವರೆಗೂ ಗಿಳಿಯ ಹಾಗೆ ಒಪ್ಪಿಸಿಬಿಟ್ಟೆ. "ಅತ್ತೆ ಕಣ್ಣು ಹದ್ದಿನ ಕಣ್ಣು," ಎಂದಳು ಪಾಪ. ನಿಜ ಹೇಳಬೇಕೆಂದರೆ ಎರಡು ವರ್ಷದಿಂದ ನನಗೆ ಜಗತ್ತೆಲ್ಲ ಹಾಲು ಚೆಲ್ಲಿದ ಹಾಗೆ ಕಾಣುತ್ತಿತ್ತು. ಪೊರೆ ತೆಗೆಸುವ ಆಪರೇಷನ್ ಎಂದರೆ ನನಗೆ ಭಯ, ಅಷ್ಟೇ.

ಸೊಸೆಯ ಪ್ರಾಣವಿರುವುದು ಹಜಾರದ ಗಾಜಿನ ತೊಟ್ಟಿಯಲ್ಲಿ. ಅದರ ತಳದಲ್ಲಿ ಆರು ಮೀಸೆ ಮೀನು. ಉದ್ದ ಹೆಬ್ಬೆರಳಿನಷ್ಟು, ಮೀಸೆ ಮಾತ್ರ ತೀರಿಹೋದ ನನ್ನ ಯಜಮಾನರಿಗಿಂತ ಜೋರು. ದಿನವಿಡೀ ಮರಳಿನಲ್ಲಿ ಕಿವಿಯೋಲೆ ಕಳೆದುಕೊಂಡವರ ಹಾಗೆ ಹುಡುಕಾಡುತ್ತಿರುತ್ತವೆ. ಗಾಜಿಗೆ ಮೊಟ್ಟೆ ಅಂಟಿಸುವುದೂ ಅವೇ, ತಿರುಗಿ ಬಂದು ನುಂಗುವುದೂ ಅವೇ. ಅದಕ್ಕೇ ಸೊಸೆ ಮೊಟ್ಟೆಗಳನ್ನು ಬೆರಳಿನಿಂದ ಮೆತ್ತಗೆ ಬಿಡಿಸಿ, ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಗುಳ್ಳೆ ಬಿಡುವ ನಳಿಗೆ ಇಟ್ಟು ಕಾಯುತ್ತಾಳೆ. ಮೂರು ಸಲ ಕಾದಳು. ಮೂರು ಸಲವೂ ಬೂಷ್ಟು ಹಿಡಿದು ಎಲ್ಲವೂ ಹತ್ತಿಯ ಉಂಡೆಯಾದವು. ಮೂರನೆಯ ಸಲ ಅವಳು ಸಿಂಕಿನ ಮುಂದೆ ನಿಂತು ಅತ್ತಳು. ನಾನು ಬಾಯಿಗೆ ಬಂದ ತಮಾಷೆಯನ್ನು ನುಂಗಿಕೊಂಡೆ. ನನ್ನ ಜನ್ಮದಲ್ಲಿ ಹಾಗೆ ನುಂಗಿದ್ದು ಅದೊಂದೇ.

ನಾಲ್ಕನೆಯ ಸಲ ಮೊಟ್ಟೆ ಬಂದ ಮರುದಿನವೇ ಅವಳು ಅಂಗಡಿಯ ಹೊಸ ಯಂತ್ರ ಕಲಿಯಲು ಮೂರು ದಿನ ಬೇರೆ ಊರಿಗೆ ಹೊರಡಬೇಕಾಯಿತು.

"ನಿಮ್ಮ ಮಗನನ್ನ ನಂಬಲ್ಲ ಅತ್ತೆ. ಅವರಿಗೆ ಮೀನು ಅಂದ್ರೆ ತಟ್ಟೇಲಿರೋದು ಮಾತ್ರ. ನೀವೇ ನೋಡ್ಕೋಬೇಕು."

"ನಾಲ್ಕು ಮಕ್ಕಳನ್ನ ಸಾಕಿದೀನಿ ಕಣೇ. ಮೂರು ಕಾಳು ಸಾಸಿವೆ ಸಾಕೋದು ಏನ್ ಮಹಾ."

"ಮೂವತ್ತನಾಲ್ಕಿದೆ. ದಿನಾ ನೋಡಿ, ಬೆಳ್ಳಗಾಗಿರೋದನ್ನ ಈ ಡ್ರಾಪರಲ್ಲಿ ಎಳೆದು ಚೆಲ್ಲಿಬಿಡಿ. ಒಂದು ಬಿಟ್ರೂ ಪಕ್ಕದ್ದಕ್ಕೆ ಹಿಡಿಯುತ್ತೆ. ಕಂದು ಬಣ್ಣದ್ದು ಒಳ್ಳೇದು, ಮುಟ್ಬೇಡಿ. ಇದಕ್ಕೆ ನಿಮ್ಮ ಹದ್ದಿನ ಕಣ್ಣೇ ಸರಿ."

ಹದ್ದು ಸುಮ್ಮನೆ ತಲೆಯಾಡಿಸಿತು.

ಅವಳು ಹೋದಮೇಲೆ ಡಬ್ಬಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದೆ. ಒಂದು ಬೆಳ್ಳಗಿತ್ತು. ಎಳೆದೆ. ಅದರ ಪಕ್ಕದ್ದೂ ಬೆಳ್ಳಗೇ. ಅದರ ಪಕ್ಕದ್ದೂ. ಮಧ್ಯಾಹ್ನದ ಹೊತ್ತಿಗೆ ಡಬ್ಬಿಯಲ್ಲಿ ಗುಳ್ಳೆಗಳು ಮಾತ್ರ ಉಳಿದಿದ್ದವು.

ಸಿಂಕಿಗೆ ಸುರಿಯಲು ಕೈ ಬರಲಿಲ್ಲ. ಅಲ್ಲಿ ಅವಳು ಅತ್ತಿದ್ದು ನೆನಪಾಯಿತು. ನನ್ನ ಹಲ್ಲಿನ ಸೆಟ್ಟು ನೆನೆಹಾಕುವ ಲೋಟವನ್ನು ತೊಳೆದು, ತೊಟ್ಟಿಯ ನೀರನ್ನೇ ತುಂಬಿ, ಎಲ್ಲವನ್ನೂ ಅದಕ್ಕೆ ಹಾಕಿ ಕಿಟಕಿಯ ಹತ್ತಿರ ಇಟ್ಟೆ. ಹಲ್ಲಿಗೆ ಸಕ್ಕರೆ ಡಬ್ಬಿಯ ಮುಚ್ಚಳ ಸಾಕಾಯಿತು. ಮರುದಿನ ಬೆಳಗ್ಗೆ ಮಗ ಸಕ್ಕರೆಗೆ ಕೈ ಹಾಕಿ ಸೂರಿಗೆ ತಲೆ ತಾಗುವಷ್ಟು ಎತ್ತರ ಹಾರಿದ.

ಸೊಸೆ ಫೋನು ಮಾಡಿದಳು. "ಎಷ್ಟು ಉಳಿದಿವೆ ಅತ್ತೆ?"

"ಲಕ್ಷ ಇವೆ. ಮದುವೆಗೆ ಹೆಣ್ಣು ಹುಡುಕ್ತಾ ಇದೀನಿ."

ಅವಳು ನಕ್ಕಳು. ನಾನು ಬೇಗ ಫೋನು ಇಟ್ಟುಬಿಟ್ಟೆ.

ಬಂದವಳು ಚಪ್ಪಲಿಯನ್ನೂ ಬಿಡದೆ ಡಬ್ಬಿ ನೋಡಿದಳು.

"ಅತ್ತೆ, ಖಾಲಿ ಇದೆ."

"ಬೆಳ್ಳಗಾಯ್ತು ಕಣೇ."

"ಮೂವತ್ತನಾಲ್ಕೂ?"

"ಎಲ್ಲಾ."

ಅಳಲಿಲ್ಲ. ಬ್ಯಾಗನ್ನು ಹೆಗಲಿನಿಂದ ಇಳಿಸಿ ನೆಲದ ಮೇಲೆ ಕೂತಳು. ಅತ್ತಿದ್ದರೆ ವಾಸಿಯಿತ್ತು.

"ಸಿಂಕಿಗೆ ಹಾಕಿದ್ರಾ?"

"ಇಲ್ಲ. ಹಲ್ಲಿನ ಲೋಟಕ್ಕೆ."

ಎದ್ದು ಕಿಟಕಿಯ ಹತ್ತಿರ ಹೋದಳು. ಲೋಟ ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತಳು. ಆಮೇಲೆ ತಂದು ನನ್ನ ಮುಖದ ಮುಂದೆ ಹಿಡಿದಳು.

"ಇದರಲ್ಲಿ ಏನು ಕಾಣುತ್ತೆ, ಹೇಳಿ ನೋಡೋಣ."

ನಾನು ಅತ್ತಿತ್ತ ನೋಡಿದೆ. ಇಲ್ಲಿ ನನಗಿಂತ ಮುಂಚೆ ಗಟ್ಟಿಯಾಗಿ ಓದಿದವರು ಯಾರೂ ಇರಲಿಲ್ಲ.

"ಏನೂ ಕಾಣಲ್ಲ ಕಣೇ," ಎಂದೆ. "ಆವತ್ತು ಹಲಗೆ ಓದಿದ್ದೂ ಬಾಯಿಪಾಠ. ಮಂದಿ ಹೇಳಿದ್ದನ್ನ ಕೇಳಿಸ್ಕೊಂಡು ಹೇಳ್ದೆ."

ಅವಳು ಲೋಟವನ್ನು ಮತ್ತೆ ಬೆಳಕಿಗೆ ಹಿಡಿದಳು. "ಒಂಬತ್ತು ಮರಿ ಇದಾವೆ ಅತ್ತೆ," ಎಂದಳು ಆಮೇಲೆ. "ಬಾಲ ಅಲ್ಲಾಡಿಸ್ತಾ ಇವೆ. ಮಿಕ್ಕಿದ್ದು ಹೋಗಿವೆ." ಅವಳ ಧ್ವನಿ ನಗುವಿಗೂ ಅಳುವಿಗೂ ನಡುವೆ ತೂಗಾಡುತ್ತಿತ್ತು. "ಮೂರು ಸಲ ನಾನು ಕೈಲಾಗದೆ ಬಿಟ್ಟಿದ್ದನ್ನ ನೀವು ಕಣ್ಣು ಕಾಣದೆ ಮಾಡಿದೀರಿ."

"ಅದಕ್ಕೇ ಹೇಳೋದು, ಅನುಭವ ಬೇಕು ಅಂತ."

"ಅನುಭವಾನೂ ಜೊತೆಗೆ ಕರ್ಕೊಂಡು ಬನ್ನಿ. ಸೋಮವಾರ ಕಣ್ಣಿನ ಡಾಕ್ಟ್ರ ಹತ್ರ ಹೋಗ್ತಿದೀವಿ. ಬರಲ್ಲ ಅಂದ್ರೆ ಲೋಟ ವಾಪಸ್ ಕೊಡಲ್ಲ."

ಹೋದೆ. ಹಲ್ಲನ್ನು ಎಷ್ಟು ದಿನವೆಂದು ಮುಚ್ಚಳದಲ್ಲಿ ಮಲಗಿಸುವುದು?

ಮರಿಗಳು ಎರಡು ದಿನ ಹೊಟ್ಟೆಗೆ ಕಟ್ಟಿಕೊಂಡು ಬಂದ ಬುತ್ತಿಯನ್ನೇ ಉಂಡವು. ಆಮೇಲೆ ಸೊಸೆ ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ಸೂಜಿಯ ಮೊನೆಯಲ್ಲಿ ಅದ್ದಿ ಕೊಟ್ಟಳು, ಉಳಿದ ಚೂರನ್ನು ಅದೇ ಡ್ರಾಪರಿನಲ್ಲಿ ಎಳೆದು ತೆಗೆದಳು. ಮೊಟ್ಟೆಯಿಂದ ಬಂದು ಮೊಟ್ಟೆಯನ್ನೇ ತಿನ್ನುವ ನಾಚಿಕೆಗೆಟ್ಟ ಮಕ್ಕಳು. ನನಗೆ ಆಪರೇಷನ್ ಆಗುವ ಹೊತ್ತಿಗೆ ಅವು ಲೋಟ ಬಿಟ್ಟು ಚಿಕ್ಕ ತೊಟ್ಟಿ ಸೇರಿದ್ದವು.

ಪಟ್ಟಿ ಬಿಚ್ಚಿದ ದಿನ ನೇರ ಅದರ ಮುಂದೆ ಹೋಗಿ ಕೂತೆ. ಅಕ್ಕಿಕಾಳಿನಷ್ಟು ಮೈ, ದಾರದ ಎಳೆಯಂಥ ಮೀಸೆ. ಒಂದೊಂದಾಗಿ ಎಣಿಸಿದೆ.

"ಸರಿಯಾಗಿ ಕಾಣುತ್ತಾ ಅತ್ತೆ?" ಎಂದು ಸೊಸೆ ನನ್ನ ಪಕ್ಕದಲ್ಲಿ ಕೂತು ಮುಖವನ್ನು ಹತ್ತಿರ ತಂದಳು.

ಎರಡು ವರ್ಷದ ಮೇಲೆ ಅವಳ ಮುಖವನ್ನು ನಿಜವಾಗಿ ನೋಡಿದ್ದು ಆಗಲೇ. ಕಣ್ಣ ಕೆಳಗೆ ದಣಿವು, ಗಲ್ಲದಲ್ಲಿ ಸಣ್ಣ ಗುಳಿ. ಚೆಂದದ ಹುಡುಗಿ.

"ಚೆನ್ನಾಗಿ ಕಾಣುತ್ತೆ," ಎಂದೆ. "ಮೀಸೆ ಇರೋರು ಒಟ್ಟು ಹತ್ತು."

ಅವಳು ತೊಟ್ಟಿಯ ಮರಿಗಳನ್ನು ಎರಡು ಸಲ ಎಣಿಸಿದಳು. ಒಂಬತ್ತೇ ಇದ್ದವು. ಆಮೇಲೆ ಎದ್ದು ಕನ್ನಡಿಯ ಕಡೆಗೆ ನಡೆದಳು.