ಅಪ್ಪನ ಬೆನ್ನ ಮೇಲಿನ ಕೈ

ನಾನು ಹೊಸ್ತಿಲು ದಾಟುವುದೇ ತಡ, ಅಪ್ಪ ಕುರ್ಚಿಯಿಂದಲೇ ಕೂಗುತ್ತಾನೆ: "ಲೇ, ಚೆಕಿಂಗ್ ಬಂತು! ಎಲ್ರೂ ಟಿಕೆಟ್ ಕೈಯಲ್ಲಿಟ್ಕೊಳ್ಳಿ!"

ನಾನು ಅವನ ಒಬ್ಬಳೇ ಮಗಳು. ಬಂದವಳೇ ಫ್ರಿಜ್ಜಿನ ಬಾಗಿಲು ತೆಗೆದು ನೋಡುವುದು, ಮಾತ್ರೆ ಡಬ್ಬಿ ಅಲುಗಿಸಿ ನೋಡುವುದು, ಬಚ್ಚಲಿನ ನೆಲ ಒದ್ದೆಯಿದೆಯೇ ಎಂದು ಕಾಲಿಟ್ಟು ನೋಡುವುದು ನನ್ನ ಚಾಳಿ. ಅದಕ್ಕೇ ಈ ಬಿರುದು. ಬಸ್ಸಿನಲ್ಲೇ ಆಯುಸ್ಸು ಕಳೆದವರ ಹೊಟ್ಟೆಯಲ್ಲಿ ಹುಟ್ಟಿದ ಮೇಲೆ ಇಂಥವನ್ನೆಲ್ಲ ಸಹಿಸಿಕೊಳ್ಳಲೇಬೇಕು.

ಅಪ್ಪ ಡ್ರೈವರ್, ಅಮ್ಮ ಅದೇ ಬಸ್ಸಿನ ಕಂಡಕ್ಟರ್. ಮುಂದಿನ ಗಾಜು ಅವನದು, ಹಿಂದಿನ ಬಾಗಿಲು ಅವಳದು. ಇಬ್ಬರೂ ನಿವೃತ್ತರಾಗಿ ಎಷ್ಟೋ ವರ್ಷಗಳಾದರೂ ಬೀದಿಯವರ ಬಾಯಲ್ಲಿ ಇವತ್ತಿಗೂ ಡ್ರೈವರಣ್ಣ, ಕಂಡಕ್ಟರಮ್ಮ. ಅವರ ಮನೆ ಎರಡನೇ ಮಹಡಿಯಲ್ಲಿದೆ. ಕಿಟಕಿಯಿಂದ ಕೆಳಗಿನ ತಿರುವು ಕಾಣುತ್ತದೆ. ಅಲ್ಲಿ ಕೂತು, ತಿರುಗುವ ಬಸ್ಸುಗಳನ್ನು ನೋಡುತ್ತ, "ತುಳಿ, ತುಳಿ, ಸುಟ್ಟುಹಾಕು ಕ್ಲಚ್ಚು! ನಿಮ್ಮಪ್ಪನ ಗಂಟೇನು ಹೋಗ್ಬೇಕು?" ಎಂದು ಬೈಯದಿದ್ದರೆ ಅಪ್ಪನಿಗೆ ತಿಂದದ್ದು ಅರಗುವುದಿಲ್ಲ.

ಆ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಆಪರೇಷನ್ ಆಯಿತು, ಒಳಗೆ ರಾಡು ಕೂತಿತು, ಮೂಳೆ ಚೆನ್ನಾಗಿ ಕೂಡಿಕೊಂಡಿತು. ಅಪ್ಪ ಮಾತ್ರ ಕುರ್ಚಿ ಬಿಡಲಿಲ್ಲ. ನಾಲ್ಕು ಹೆಜ್ಜೆ ಇಡುತ್ತಿದ್ದ, ನಿಲ್ಲುತ್ತಿದ್ದ. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ನಿಲ್ಲುತ್ತಿದ್ದ. ಆ ಮನೆಗೆ ಲಿಫ್ಟ್ ಬೇರೆ ಇಲ್ಲ; ಆಸ್ಪತ್ರೆಗೆ ಹೋಗಬೇಕಾದರೆ ಇಬ್ಬರು ಆಳುಗಳು ಅವನನ್ನು ಕುರ್ಚಿ ಸಮೇತ ಹೊತ್ತು ಇಳಿಸಬೇಕಿತ್ತು.

ನನ್ನ ಮನೆ ನೆಲಮಟ್ಟದಲ್ಲಿದೆ. ಹಿಂದಿನ ಕೋಣೆಗೆ ಸುಣ್ಣ ಬಳಿಸಿ, ಬಚ್ಚಲಿಗೆ ಹಿಡಿಕೆ ಹಾಕಿಸಿ, ಮಂಚವನ್ನೂ ತರಿಸಿದೆ. ಆಮೇಲೆ ಅವರಿಗೆ ಖಡಾಖಂಡಿತವಾಗಿ ಹೇಳಿದೆ: "ಈ ತಿಂಗಳ ಕೊನೆಯೊಳಗೆ ಅಪ್ಪ ತಾನೇ ಮೆಟ್ಟಿಲಿಳಿದು, ತಾನೇ ಹತ್ತಿದ್ರೆ ಸರಿ. ಇಲ್ಲಾಂದ್ರೆ ಇಬ್ರೂ ನಮ್ಮನೆಗೆ. ಈ ಮನೆ ಬಾಡಿಗೆಗೆ."

ಅಪ್ಪ ಕಿಟಕಿಯ ಕಡೆ ಮುಖ ಮಾಡಿದ. ಕೆಳಗೆ ಒಂದು ಬಸ್ಸು ಕಿರಗುಟ್ಟುತ್ತ ತಿರುಗಿತು. ಅವನು ಅದನ್ನು ಬೈಯಲಿಲ್ಲ. ಆದರೂ ನಾನು ಮಾತು ಹಿಂತೆಗೆದುಕೊಳ್ಳಲಿಲ್ಲ. ಬೆಂಕಿ ಬಿದ್ದರೆ, ರಾತ್ರಿ ಎದೆನೋವು ಬಂದರೆ, ಅಮ್ಮ ಅವನನ್ನು ಹೊತ್ತು ಇಳಿಸುತ್ತಾಳೆಯೇ?

ಹೊರುತ್ತಿದ್ದಳೇನೋ, ಹೇಳಲಾಗದು. ಅಮ್ಮನ ಉಪಚಾರ ಆ ಮಟ್ಟದ್ದು. ಅಪ್ಪನಿಗೆ ಬಾಯಾರಿಕೆಯಾಗುವ ಮುಂಚೆ ನೀರು ಬರುತ್ತಿತ್ತು. ಕಾಲುಚೀಲ ಹಾಕುವವಳು ಅವಳು, ತಲೆ ಬಾಚುವವಳು ಅವಳು, ಕನ್ನಡಕ ಒರೆಸಿ ಮೂಗಿನ ಮೇಲೆ ಕೂರಿಸುವವಳೂ ಅವಳೇ. ಉಸಿರಾಡುವುದೊಂದನ್ನು ಪುಣ್ಯಕ್ಕೆ ಅವನಿಗೇ ಬಿಟ್ಟಿದ್ದಳು.

ಆಸ್ಪತ್ರೆಯಲ್ಲಿ ಅಪ್ಪನಿಗೆ ವ್ಯಾಯಾಮ ಹೇಳಿಕೊಡುತ್ತಿದ್ದ ಫಿಸಿಯೋಥೆರಪಿಸ್ಟ್ ಒಬ್ಬರಿದ್ದರು. ನಡುವಯಸ್ಸಿನವರು, ಗಟ್ಟಿ ದನಿಯವರು. ಅಷ್ಟುದ್ದದ ಹೆಸರು ಬಾಯಲ್ಲಿ ತಿರುಗದೆ ಅಮ್ಮ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದಳು. ಆ ಟೀಚರ್‌ಗೆ ಒಂದು ವಿಷಯ ತಲೆ ತಿನ್ನುತ್ತಿತ್ತು.

"ನನ್ನ ಹತ್ರ ಬಂದಾಗ ಉದ್ದ ವರಾಂಡ ಪೂರ್ತಿ ನಡೀತಾರೆ. ಮನೇಲಿ ಯಾಕೆ ನಿಲ್ತಾರೆ?" ಎಂದು ನನ್ನನ್ನು ಕೇಳಿದರು.

"ಸೋಮಾರಿತನ," ಎಂದೆ ನಾನು.

"ಸೋಮಾರಿ ಆದೋರು ಎಲ್ಲಾದ್ರೂ ಸೋಮಾರಿನೇ," ಎಂದು ಹೇಳಿ, ಒಂದು ಬೆಳಿಗ್ಗೆ ಮನೆಗೇ ಬಂದುಬಿಟ್ಟರು.

ಬಂದವರು ಮೊದಲು ಮನೆಯನ್ನು ಜಾಲಾಡಿದರು. ಜಾರುವ ಕಾಲೊರಸನ್ನು ಸುತ್ತಿ ಮೂಲೆಗೆಸೆದರು. ಅಪ್ಪನ ಸವೆದ ಚಪ್ಪಲಿಯನ್ನು ಎರಡು ಬೆರಳಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಿದರು. ನನಗಿಂತ ದೊಡ್ಡ ಚೆಕಿಂಗ್! ಅಪ್ಪ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ.

"ಈಗ ಅಡುಗೆಮನೆ ತನಕ ನಡೀರಿ, ನೋಡೋಣ," ಎಂದರು ಟೀಚರ್.

ಅಮ್ಮ ಎಂದಿನಂತೆ ಅಪ್ಪನ ಹಿಂದೆ ಹೋಗಿ ನಿಂತಳು. ಅಪ್ಪ ಊರುಗೋಲು ಹಿಡಿದು ಹೊರಟ. ನಾಲ್ಕು ಹೆಜ್ಜೆ ಇಟ್ಟ. ಅಮ್ಮ ಧೈರ್ಯ ಹೇಳಲು ಬೆನ್ನ ಮೇಲೆ ಮೆತ್ತಗೆ ಒಂದು ಸಲ ತಟ್ಟಿದಳು. ಅಪ್ಪ ನಿಂತ. "ನಡೀರಿ, ನಾನಿದೀನಲ್ಲ," ಎಂದಳು. ಅಪ್ಪ ಹೊರಟ. ಅಮ್ಮ ಇನ್ನೊಂದು ಸಲ ತಟ್ಟಿದಳು. ಅಪ್ಪ ಮತ್ತೆ ನಿಂತ. ಅವಳು ಮತ್ತೊಮ್ಮೆ ತಟ್ಟಿದ್ದೇ ತಡ, ಆಪರೇಷನ್ ಆದಂದಿನಿಂದ ಅಮ್ಮನ ಮೇಲೆ ದನಿಯೆತ್ತದಿದ್ದ ಮನುಷ್ಯ ಸಿಡಿದೆದ್ದ.

"ಏನೇ ಇದು ನಿನ್ನ ಗೋಳು! ಗಳಿಗೆಗೊಂದು ಸಲ ನಿಲ್ಸು ನಿಲ್ಸು ಅಂತ ತಟ್ತೀಯ! ಇಳಿಯೋರು ಯಾರಿದಾರೆ ಇಲ್ಲಿ?"

ಅಮ್ಮನ ಕೈ ಗಾಳಿಯಲ್ಲೇ ಉಳಿಯಿತು. ನನಗೂ ಅವಳಿಗೂ ಏಕಕಾಲಕ್ಕೆ ಅರ್ಥವಾಯಿತು. ಗಿಜಿಗುಡುವ ಬಸ್ಸಿನಲ್ಲಿ ಸೀಟಿಯ ಸದ್ದು ಅಪ್ಪನ ಕಿವಿಗೆ ಬೀಳುತ್ತಿರಲಿಲ್ಲ. ಅಮ್ಮ ಬಸ್ಸಿನ ತಗಡನ್ನೇ ತಟ್ಟುತ್ತಿದ್ದಳು. ಒಂದು ಸಲ ತಟ್ಟಿದರೆ ನಿಲ್ಲಿಸಬೇಕು, ಎರಡು ಸಲ ತಟ್ಟಿದರೆ ಹೊರಡಬೇಕು. ನೌಕರಿ ಮುಗಿಯುವ ತನಕ ಅಪ್ಪನ ಕಾಲು ಕೇಳಿದ್ದು ಆ ಕೈಯ ಮಾತನ್ನು ಮಾತ್ರ. ಈಗ ಬ್ರೇಕು ಇಲ್ಲ, ಬಸ್ಸು ಇಲ್ಲ, ಕಾಲು ಮಾತ್ರ ಅದೇ ಕಾಲು. ತಾನೇಕೆ ನಿಲ್ಲುತ್ತಿದ್ದೇನೆಂದು ಅವನಿಗೂ ಬಾಯಿ ಜಾರುವವರೆಗೆ ಗೊತ್ತಿರಲಿಲ್ಲ.

ನಾನು ವಿವರಿಸಿದಾಗ ಟೀಚರ್ ಗೋಡೆಗೊರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಮ್ಮ ನಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಇಷ್ಟು ದಿನ ನಾನೇ ಇವ್ರನ್ನ ನಿಲ್ಸಿದ್ನಾ?" ಎಂದಳು.

"ಪ್ರೀತಿಯಿಂದ ನಿಲ್ಸಿದೀರಿ," ಎಂದರು ಟೀಚರ್. "ಅವರ ಕಾಲು ಮಾಡಬೇಕಾದ ಕೆಲಸಾನೆಲ್ಲ ನಿಮ್ಮ ಕಾಲೇ ಮಾಡ್ತಿದೆ. ಇನ್ಮೇಲೆ ಎರಡು ಸಲ ತಟ್ಟಿ, ಹಿಂದಕ್ಕೆ ಸರಿದು ನಿಲ್ಲಿ. ಅಷ್ಟೇ."

"ಬಿದ್ರೆ?"

"ಕೂತು ಕೂತು ಕಾಲಿನ ಶಕ್ತಿ ಹೋದ್ರೆ ಬೀಳೋದು ಇನ್ನೂ ಸುಲಭ, ಕಂಡಕ್ಟರಮ್ಮ."

ಅಮ್ಮ ಎರಡು ಸಲ ತಟ್ಟಿದಳು. ಅಪ್ಪ ಒಂದೇ ಬೀಸಿಗೆ ಅಡುಗೆಮನೆ ತಲುಪಿ, ಕಟ್ಟೆ ಹಿಡಿದು ನಿಂತು, ಹಿಂದಿರುಗಿ ನೋಡಿ ಹಲ್ಲು ಕಿರಿದ.

ಆಮೇಲಿನ ದಿನಗಳಲ್ಲಿ ಅಪ್ಪನಿಗಿಂತ ಹೆಚ್ಚು ಕಷ್ಟಪಟ್ಟವಳು ಅಮ್ಮ. ಅಪ್ಪ ಕೈ ಊರದೆ ಕುರ್ಚಿಯಿಂದ ಏಳುವುದನ್ನು ಕಲಿತ, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದನ್ನು ಕಲಿತ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು ಎಂದು ಗೊಣಗುತ್ತ ಮೆಟ್ಟಿಲ ಮೇಲೆ ಅಭ್ಯಾಸ ಮಾಡಿದ. ಅಮ್ಮ ಕಲಿಯಬೇಕಾಗಿದ್ದದ್ದು ಸುಮ್ಮನಿರುವುದನ್ನು. ಅಪ್ಪ ಕಾಲುಚೀಲದ ಜೊತೆ ಗುದ್ದಾಡುವಾಗ ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂರುತ್ತಿದ್ದಳು. ನೋಡಿದರೆ ಪಾಪ ಅನ್ನಿಸುತ್ತಿತ್ತು. ತಟ್ಟುವುದನ್ನೂ ಬಿಡಿ ಎಂದು ಟೀಚರ್ ಹೇಳಿದ ದಿನವಂತೂ ಅವಳ ಮುಖ ಊದಿಕೊಂಡಿತ್ತು.

"ಹಾಗಾದ್ರೆ ಈ ಮನೇಲಿ ನಾನ್ಯಾಕೆ?"

"ನನ್ನ ಹತ್ರ ಜಗಳ ಆಡೋಕೆ," ಎಂದ ಅಪ್ಪ. "ಅದಕ್ಕೆ ಬದಲಿ ಸಿಬ್ಬಂದಿ ಸಿಗಲ್ಲ."

ಆದರೂ ತಿಂಗಳು ಮುಗಿಯುತ್ತ ಬಂದಿತ್ತು. ಅಪ್ಪ ಒಂದು ಮಹಡಿ ಇಳಿದು, ಏದುಸಿರು ಬಿಡುತ್ತ, ಅಲ್ಲಿಂದಲೇ ಹಿಂದಿರುಗುತ್ತಿದ್ದ. ಕೆಳಗಿನ ರಸ್ತೆಯನ್ನು ಅವನ ಕಾಲು ಇನ್ನೂ ಮುಟ್ಟಿರಲಿಲ್ಲ. ನಾನು ಸಾಮಾನು ಸಾಗಿಸುವ ವ್ಯಾನಿನವನಿಗೆ ಹೇಳಿಟ್ಟೆ.

ಆ ವಾರವೇ ಒಂದು ಮಧ್ಯಾಹ್ನ ಅಮ್ಮನ ಫೋನು ಬಂತು. ದನಿ ಕುಗ್ಗಿತ್ತು. ಮೈ ಕೆಂಡದ ಹಾಗೆ ಸುಡುತ್ತಿದೆ, ಏಳಲಾಗುತ್ತಿಲ್ಲ ಎಂದಳು. ನಾನು ಕೆಲಸವನ್ನು ಅರ್ಧಕ್ಕೇ ಬಿಟ್ಟು ಓಡಿದೆ. ಸಾಕು ಇವರ ಹಟ, ಇವತ್ತೇ ಇಬ್ಬರನ್ನೂ ಕರೆದುಕೊಂಡು ಹೋಗುವುದೇ ಸೈ ಎಂದು ದಾರಿಯುದ್ದಕ್ಕೂ ಹಲ್ಲು ಕಚ್ಚಿದೆ. ಮೆಟ್ಟಿಲು ಹತ್ತಿ ಒಳಗೆ ಹೋದರೆ ಯಾರೂ ಕೂಗಲಿಲ್ಲ. ಕುರ್ಚಿ ಖಾಲಿಯಿತ್ತು, ಊರುಗೋಲೂ ಇರಲಿಲ್ಲ. ನಾನು ಅಮ್ಮ ಮಲಗಿದ್ದ ಕೋಣೆಗೆ ನುಗ್ಗಿದೆ.

"ಅಮ್ಮಾ, ಅಪ್ಪ ಎಲ್ಲಿ?"

ಅಮ್ಮ ಹೊದಿಕೆಯೊಳಗಿಂದ ಮುಖ ತೆಗೆದಳು. "ಮಾತ್ರೆ ತರೋಕೆ ಹೋದ್ರು. ಬೇಡ ಅಂದ್ರೆ ಕೇಳಬೇಕಲ್ಲ! ನೀನಿಲ್ಲಿ ನರಳ್ತಾ ಇದ್ರೆ ನಾನು ಕಿಟಕಿ ನೋಡ್ಕೊಂಡು ಕೂರ್ಲಾ ಅಂತ ನನಗೇ ಬೈದು ಹೊರಟುಹೋದ್ರು."

ನಾನು ಕಿಟಕಿಗೆ ಓಡಿ, ಬೀದಿಯನ್ನೆಲ್ಲ ಹುಡುಕುತ್ತ ತುಸು ಹೊತ್ತು ನಿಂತೆ; ಮೆಟ್ಟಿಲ ಮೇಲೆ ಊರುಗೋಲಿನ ಸದ್ದು ಕೇಳಿದ್ದೇ ಹೊರಗೆ ಓಡಿದೆ. ಅಪ್ಪ ಆಗಲೇ ಕೊನೆಯ ಸುತ್ತಿನ ಮೆಟ್ಟಿಲು ಹತ್ತುತ್ತಿದ್ದ. ಒಂದು ಕೈಯಲ್ಲಿ ಮೆಟ್ಟಿಲ ಕಟಾಂಜನ, ಇನ್ನೊಂದರಲ್ಲಿ ಊರುಗೋಲು, ಕುತ್ತಿಗೆಗೆ ಔಷಧಿ ಅಂಗಡಿಯ ಚೀಲ. ಅಂಗಿ ಬೆವರಿಗೆ ಅಂಟಿತ್ತು. ನಾನು ಕೈ ಚಾಚಿ ಇಳಿಯಹೋದೆ.

"ದಾರಿ ಬಿಡಮ್ಮ," ಎಂದ, ತಲೆಯೆತ್ತದೆ.

ಬಿಟ್ಟೆ. ಗೋಡೆಗೆ ಒತ್ತಿಕೊಂಡು ನಿಂತೆ. ಅವನು ನನ್ನನ್ನು ದಾಟಿ ಒಳಗೆ ಹೋದ. ಅಡುಗೆಮನೆಗೆ ಹೋಗಿ ಲೋಟಕ್ಕೆ ನೀರು ಬಗ್ಗಿಸಿದ. ತಂದು ಕೊಡುವಷ್ಟರಲ್ಲಿ ಅರ್ಧ ಚೆಲ್ಲಿದ. ಮಂಚದ ಅಂಚಿಗೆ ಕೂತು ಅಮ್ಮನಿಗೆ ಮಾತ್ರೆ ನುಂಗಿಸಿದ, ಹಣೆ ಮುಟ್ಟಿ ನೋಡಿದ, ಹೊದಿಕೆಯನ್ನು ಕಾಲಿನವರೆಗೂ ಎಳೆದು ಸರಿಮಾಡಿದ. ಅಮ್ಮ ಮಗುವಿನ ಹಾಗೆ ಸುಮ್ಮನೆ ಮಾಡಿಸಿಕೊಂಡಳು. ನಾನು ಬಾಗಿಲಲ್ಲೇ ನಿಂತಿದ್ದೆ. ಏನಾದರೂ ಕೆಲಸ ಮಾಡೋಣವೆಂದರೆ ಮಾಡಲು ಏನೂ ಉಳಿದಿರಲಿಲ್ಲ.

ಸಂಜೆ ಜ್ವರ ಇಳಿಯಿತು. ವ್ಯಾನಿನವನಿಗೆ ಬೇಡವೆಂದು ಹೇಳಲು ನಾನು ಫೋನು ತೆಗೆದೆ. ಅಪ್ಪ ನನ್ನ ಬ್ಯಾಗನ್ನು ಎತ್ತಿ ಕೈಗೆ ಕೊಟ್ಟ.

"ಕತ್ತಲಾಗುತ್ತೆ, ನೀನು ಮನೆಗೆ ಹೊರಡು ಮಗಳೇ. ಅಮ್ಮನ ಚಿಂತೆ ಮಾಡ್ಬೇಡ," ಎಂದ. "ಇಲ್ಲಿ ನಾನಿದೀನಲ್ಲ."